ಉಮರ್ಗಾದ ಆಕಾಶದಲ್ಲಿ ಟೆಂಪೆಸ್ಟ್: ಯುದ್ಧವಿಮಾನಗಳ ವೇಗದ ಲೆಕ್ಕ

ಸೆಪ್ಟೆಂಬರ್ 17 ನಮ್ಮ ಭಾಗಕ್ಕೆ ಎರಡನೆಯ ಸ್ವಾತಂತ್ರ್ಯ ದಿನ. ಉಮರ್ಗಾ, ನಿಲಂಗಾ, ಉದಗೀರದ ಶಾಲೆಗಳಲ್ಲಿ ಮರಾಠವಾಡ ಮುಕ್ತಿ ಸಂಗ್ರಾಮ ದಿನವೆಂದು ಧ್ವಜ ಏರಿಸುತ್ತೇವೆ. ಗಡಿ ದಾಟಿ ಬಸವಕಲ್ಯಾಣಕ್ಕೆ ಹೋದರೆ ಅದೇ ದಿನಕ್ಕೆ ಇನ್ನೊಂದು ಹೆಸರು. ಹಬ್ಬ ಒಂದೇ, ಬೋರ್ಡು ಬೇರೆ!

ಒಮ್ಮೆ ಧ್ವಜಾರೋಹಣ ಮುಗಿದ ಮೇಲೆ ಪೊಲೀಸ್ ಆ್ಯಕ್ಷನ್ ಕಥೆ ಹೇಳುತ್ತ, ನಮ್ಮ ಉಮರ್ಗಾದ ರಸ್ತೆಯ ಮೇಲೂ ಯುದ್ಧವಿಮಾನಗಳು ಹಾರಿದ್ದವು ಎಂದೆವು. ಎಂಟನೆಯ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತ. "ಸರ್, ಅವು ಎಷ್ಟು ಜೋರ್ ಹಾರ್ತಿದ್ವು ರೀ? ಎಲ್ಲಾದಕ್ಕಿಂತ ಜೋರ್ ಯಾವ್ದು?" ನಾವು ಬಿ.ಎ. ಓದಿದವರು, ಇತಿಹಾಸ ನಮ್ಮ ವಿಷಯ. ಇಸವಿ ಕೇಳಿದರೆ ಥಟ್ಟನೆ ಹೇಳುತ್ತೇವೆ, ವೇಗ ಕೇಳಿದರೆ ತಲೆ ಕೆರೆದುಕೊಳ್ಳಬೇಕು. ನಾಳೆ ಹೇಳುತ್ತೇವೆ ಎಂದು ಆ ದಿನ ತಪ್ಪಿಸಿಕೊಂಡೆವು. ಆ ಮೇಲೆ ಓದಿ ತಿಳಿದುಕೊಂಡದ್ದು ಇಲ್ಲಿದೆ.

ಎರಡನೆಯ ಮಹಾಯುದ್ಧದ ಹೆಸರಾಂತ ಪಂಖದ ವಿಮಾನಗಳ ವೇಗ ಹೀಗಿದೆ, ಎಲ್ಲ ಗಂಟೆಗೆ ಕಿಲೋಮೀಟರ್ ಲೆಕ್ಕದಲ್ಲಿ, ಎಲ್ಲ ಸುಮಾರು. ಇಂಗ್ಲೆಂಡಿನ ಹರಿಕೇನ್ 520. ಅದರ ಜೊತೆಗಾರ ಸ್ಪಿಟ್‌ಫೈರ್, ಮೊದಲ ಮಾದರಿ, 570ರ ಮೇಲೆ. ಅವೆರಡರ ವೈರಿ ಜರ್ಮನಿಯ ಮೆಸ್ಸರ್‌ಸ್ಮಿಟ್ 109 ಕೂಡ 1940ರಲ್ಲಿ ಅಷ್ಟೇ, 570. ಜಪಾನಿನ ಝೀರೋ 530. ಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಮಸ್ಟಾಂಗ್ 700 ಮುಟ್ಟಿತ್ತು, ಸ್ಪಿಟ್‌ಫೈರ್‌ನ 14ನೆಯ ಮಾದರಿ 720. ಉಮರ್ಗಾದ ಮೇಲೆ ಹಾರಿದ ಹಾಕರ್ ಟೆಂಪೆಸ್ಟ್, ಎರಡನೆಯ ಮಾದರಿ, 710. ಇದು ಯುದ್ಧಕಾಲದಲ್ಲೇ ತಯಾರಾದ ವಿಮಾನವಾದರೂ ಪಡೆಗೆ ಸೇರುವಷ್ಟರಲ್ಲಿ ಯುದ್ಧ ಮುಗಿದಿತ್ತು.

ಹಾಗಾದರೆ ಸ್ಪಿಟ್‌ಫೈರ್ ಗೆದ್ದಿತು ಎಂದು ಹುಡುಗರು ಚಪ್ಪಾಳೆ ಹೊಡೆಯಬಹುದು. ಅಷ್ಟು ಸರಳವಿಲ್ಲ. ಈ ಅಂಕಿಗಳೆಲ್ಲ ಒಂದೊಂದು ವಿಮಾನಕ್ಕೆ ಅನುಕೂಲವಾದ ಎತ್ತರದಲ್ಲಿ ಅಳೆದವು. ಮಸ್ಟಾಂಗ್ ತನ್ನ 700 ತೋರಿಸುವುದು ಏಳೂವರೆ ಸಾವಿರ ಮೀಟರ್ ಮೇಲೆ, ಗಾಳಿ ತೆಳ್ಳಗಿರುವಲ್ಲಿ. ನೆಲದ ಹತ್ತಿರ ಗಾಳಿ ದಟ್ಟ, ಅಲ್ಲಿ ಎಲ್ಲ ವಿಮಾನಗಳ ವೇಗವೂ ಇಳಿಯುತ್ತದೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಟೆಂಪೆಸ್ಟ್ ನೆಲದ ಹತ್ತಿರವೂ 650ರಷ್ಟು ಓಡುತ್ತಿತ್ತು. 1944ರಲ್ಲಿ ಜರ್ಮನರು ಲಂಡನ್ನಿನ ಮೇಲೆ ವಿ-1 ಎಂಬ ಹಾರುವ ಬಾಂಬು ಬಿಟ್ಟಾಗ ಅವು ತಗ್ಗಿನಲ್ಲಿ, ಗಂಟೆಗೆ 640ರ ಆಸುಪಾಸಿನಲ್ಲಿ ಬರುತ್ತಿದ್ದವು. ಅವುಗಳನ್ನು ಬೆನ್ನಟ್ಟಿ ನೂರಾರು ಸಂಖ್ಯೆಯಲ್ಲಿ ಉರುಳಿಸಿದ್ದು ಟೆಂಪೆಸ್ಟ್‌ನ ಐದನೆಯ ಮಾದರಿ.

ಇನ್ನೊಂದು ಮಾತು. ಹರಿಕೇನ್ ಮತ್ತು ಟೆಂಪೆಸ್ಟ್ ಎರಡೂ ಹಾಕರ್ ಕಂಪನಿಯವು, ಎರಡನ್ನೂ ರೂಪಿಸಿದವರು ಸಿಡ್ನಿ ಕ್ಯಾಮ್. ಹರಿಕೇನ್ ಎಂಜಿನ್ನಿಗೆ ಸುಮಾರು 1030 ಕುದುರೆ ಶಕ್ತಿ, ಟೆಂಪೆಸ್ಟ್‌ಗೆ ಸುಮಾರು 2500. ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾದರೂ ವೇಗ 520ರಿಂದ 710ಕ್ಕೆ ಮಾತ್ರ ಏರಿತು. ಏಕೆ? ಆಷಾಢದ ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಉತ್ತರ ಗೊತ್ತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಬೇಕಾಗುವ ಶಕ್ತಿ ಎಂಟು ಪಟ್ಟು. ಅಂದರೆ ಶಕ್ತಿಯ ಘನಮೂಲದಷ್ಟೇ ವೇಗ ಏರುತ್ತದೆ. 2.4ರ ಘನಮೂಲ 1.34. 520ನ್ನು ಅದರಿಂದ ಗುಣಿಸಿದರೆ ಸುಮಾರು 700! ಎತ್ತರ, ಭಾರ, ರೆಕ್ಕೆಯ ದಪ್ಪ ಎಲ್ಲ ಬಿಟ್ಟು ಮಾಡಿದ ಒರಟು ಲೆಕ್ಕ ಇದು, ಆದರೂ ಇಷ್ಟು ಹತ್ತಿರ ಬಂದದ್ದು ನೋಡಿ ನಮಗೇ ಖುಷಿಯಾಯಿತು. ಪಂಖದ ತುದಿಗಳು ಶಬ್ದದ ವೇಗ ಮುಟ್ಟತೊಡಗಿದರೆ ಎಂಜಿನ್ ಎಷ್ಟು ದೊಡ್ಡದಿದ್ದೂ ಪ್ರಯೋಜನ ಕಡಿಮೆ. ಪಂಖವೇ ಇಲ್ಲದ ಜರ್ಮನಿಯ ಮೆಸ್ಸರ್‌ಸ್ಮಿಟ್ 262 ಜೆಟ್ 1944ರಲ್ಲೇ 870 ದಾಟಿಸಿ, ಈ ಪೈಪೋಟಿಯನ್ನೇ ಮುಗಿಸಿಬಿಟ್ಟಿತು.

ಇರಲಿ, ನಮ್ಮ ಊರಿಗೆ ಬರೋಣ.

ಈ ವಿಮಾನಗಳಿಗೂ ನಮ್ಮ ನೆಲಕ್ಕೂ ಸಂಬಂಧ 1948ರಲ್ಲಿ ಶುರುವಾದದ್ದಲ್ಲ. ಆಗ ಉಮರ್ಗಾ ಉಸ್ಮಾನಾಬಾದ್ ಜಿಲ್ಲೆ, ನಿಲಂಗಾ ಮತ್ತು ಉದಗೀರ ಬೀದರ್ ಜಿಲ್ಲೆ, ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನ. ಮೊದಲ ಮಹಾಯುದ್ಧದಲ್ಲೇ ನಿಜಾಮರು ಬ್ರಿಟಿಷರಿಗೆ ವಿಮಾನಗಳನ್ನು ಕೊಟ್ಟಿದ್ದರು, ಆ 110ನೆಯ ಪಡೆಗೆ ಹೈದರಾಬಾದ್ ಹೆಸರು ಬಂತು. ಎರಡನೆಯ ಯುದ್ಧದಲ್ಲಿ ಇನ್ನೆರಡು ಪಡೆಗಳಿಗೆ ಅದೇ ಹೆಸರು. 152ನೆಯದು ಸ್ಪಿಟ್‌ಫೈರ್ ಪಡೆ, 253ನೆಯದು ಹರಿಕೇನ್ ಪಡೆ. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ಕಾಳಗದಲ್ಲಿ ಎರಡೂ ಹೋರಾಡಿದವು. 152ನೆಯ ಪಡೆಯ ಲಾಂಛನದಲ್ಲಿ ನಿಜಾಮರ ಪೇಟ, ಕೆಳಗೆ ನಂಬಿಗಸ್ತ ಮಿತ್ರ ಎಂಬರ್ಥದ ಮಾತು. ಜೋಳ, ತೊಗರಿ ಬೆಳೆದು ನಮ್ಮ ಮುತ್ತಾತಂದಿರು ಕಟ್ಟಿದ ಕಂದಾಯ ಆ ಸಂಸ್ಥಾನದ ಖಜಾನೆಗೇ ಹೋಗುತ್ತಿತ್ತು. ಸ್ಪಿಟ್‌ಫೈರ್ ಹೆಸರನ್ನೂ ಕೇಳದ ಜನ ಅವರು.

ಅದೇ ಹೊತ್ತಿಗೆ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹಿರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಅಲ್ಲಿ ಜೋಡಿಸಿದ ಅಮೆರಿಕದ ಕರ್ಟಿಸ್ ಹಾಕ್ 1942ರಲ್ಲಿ ಹಾರಿತು, ವೇಗ ಸುಮಾರು 500. ಸೊಲ್ಲಾಪುರ ನಮಗೆ ಸಂತೆ, ಆಸ್ಪತ್ರೆಯ ಊರು, ಆದರೆ ಈ ಸಂಗತಿ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಇನ್ನೊಬ್ಬ ವಿಚಿತ್ರ ಮನುಷ್ಯ ಸಿಡ್ನಿ ಕಾಟನ್, ಆಸ್ಟ್ರೇಲಿಯದವನು. ಯುದ್ಧದ ಆರಂಭದಲ್ಲಿ ವೈರಿಯ ನೆಲದ ಫೋಟೋ ತೆಗೆಯಲು ಸ್ಪಿಟ್‌ಫೈರ್ ಆರಿಸಿಕೊಂಡು, ಅದರ ಬಂದೂಕು ಕಿತ್ತು, ಸಂದುಗಳನ್ನು ಮುಚ್ಚಿ, ಮೈಯನ್ನು ತಿಕ್ಕಿ ನುಣುಪು ಮಾಡಿ, ಎಂಜಿನ್ ಬದಲಿಸದೆಯೇ ವೇಗ ಹೆಚ್ಚಿಸಿದ. ಇದೇ ಕಾಟನ್ 1948ರಲ್ಲಿ ದೊಡ್ಡ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ಕಳ್ಳತನದಿಂದ ಹೈದರಾಬಾದ್ ಸಂಸ್ಥಾನಕ್ಕೆ ಶಸ್ತ್ರ ತಂದಿಳಿಸಿದ. ಇಳಿದ ಜಾಗಗಳಲ್ಲಿ ನಮ್ಮ ನೆರೆಯ ಬೀದರ್ ಕೂಡ ಒಂದು.

ಸರಕು ತರುವ ವಿಮಾನ ಸಿಕ್ಕಿತು, ಕಾದಾಡುವ ವಿಮಾನ ಸಿಗಲಿಲ್ಲ. ಇಂಗ್ಲೆಂಡಿನ ಎರಡು ಫೈಟರ್ ಪಡೆಗಳಿಗೆ ಹೆಸರು ಕೊಟ್ಟ ಸಂಸ್ಥಾನಕ್ಕೆ ತನ್ನ ಆಕಾಶ ಕಾಯಲು ಒಂದು ಫೈಟರ್ ಪಡೆಯೂ ಇರಲಿಲ್ಲ!

1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಮೇಜರ್ ಜನರಲ್ ಜೆ.ಎನ್. ಚೌಧರಿ ಅವರ ಸೇನೆ ಸೊಲ್ಲಾಪುರದ ಕಡೆಯಿಂದ ಬಂದು ನಳದುರ್ಗದಲ್ಲಿ ಗಡಿ ದಾಟಿತು. ಬೋರಿ ನದಿಯ ಸೇತುವೆ, ಜಳಕೋಟ, ಉಮರ್ಗಾ, ಇಂದು ಹೈದರಾಬಾದ್ ಬಸ್ಸು ಓಡುವ ಅದೇ ದಾರಿ. ಮರುದಿನ ಉಮರ್ಗಾದಿಂದ ರಾಜೇಶ್ವರಕ್ಕೆ ಹೊರಡಬೇಕು, 48 ಕಿಲೋಮೀಟರ್. ದಾರಿಯುದ್ದಕ್ಕೂ ವೈರಿಗಳು ಹೊಂಚು ಹಾಕಿ ಕೂತದ್ದನ್ನು ಆಕಾಶದಿಂದ ಕಂಡಿದ್ದರು. ಆಗ ಟೆಂಪೆಸ್ಟ್‌ಗಳನ್ನು ಕರೆಸಿದರು. ಅವು ದಾಳಿ ಮಾಡಿ ದಾರಿ ಬಿಡಿಸಿದವು, ಮಧ್ಯಾಹ್ನದ ಹೊತ್ತಿಗೆ ಸೇನೆ ರಾಜೇಶ್ವರ ಹಿಡಿಯಿತು.

ಈ 48 ಕಿಲೋಮೀಟರನ್ನು ನಾವು ಫಲಕದ ಮೇಲೆ ಬರೆದೆವು. ಗಂಟೆಗೆ 600ರಂತೆ ಹಾರಿದರೆ ಎಷ್ಟು ಹೊತ್ತು? ಪ್ರಶ್ನೆ ಕೇಳಿದ ಹುಡುಗನೇ ಲೆಕ್ಕ ಮಾಡಿ ಐದು ನಿಮಿಷಕ್ಕೂ ಕಡಿಮೆ ಎಂದ. ವಿ-1 ಬಾಂಬನ್ನು ಹಿಡಿದ ವೇಗಕ್ಕಿಂತ ಸ್ವಲ್ಪವೇ ಕಡಿಮೆ ಅದು. ಇಲ್ಲಿ ಹಿಡಿಯಲು ಎದುರಿಗೆ ಯಾವ ವಿಮಾನವೂ ಇರಲಿಲ್ಲ, ಕೆಳಗಿದ್ದವರು ನಡೆದು ಓಡುವ ಮನುಷ್ಯರು. ಯಾವ ವಿಮಾನ ಹೆಚ್ಚು ಜೋರು ಎಂಬ ಪಟ್ಟಿ ಎದುರಾಳಿ ಇದ್ದಾಗ ಮಾತ್ರ ಅರ್ಥ ಕೊಡುತ್ತದೆ ಎಂದು ನಮಗೆ ಅನಿಸಿದ್ದು ಈ ಲೆಕ್ಕ ಮಾಡುವಾಗ. ಅಂದು ಟೆಂಪೆಸ್ಟ್ ಬದಲು ಹಳೆಯ ಹರಿಕೇನ್ ಬಂದಿದ್ದರೂ ರಾಜೇಶ್ವರದ ದಾರಿ ಬಿಡಿಸುತ್ತಿತ್ತು.

ಸೇನೆ ಬರಲೇಬೇಕಿತ್ತು. ರಜಾಕಾರರ ಹಾವಳಿ ಏನೆಂಬುದು ಈ ಭಾಗದ ಮನೆಮನೆಗೂ ಗೊತ್ತು, ಅದೇ ವರ್ಷ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ ಹರಿದ ರಕ್ತ ಯಾರೂ ಮರೆತಿಲ್ಲ. ಆದರೆ 17ರ ಸಂಜೆ ನಿಜಾಮರು ಕದನ ನಿಲ್ಲಿಸಿದ ಮೇಲೆ ಆದದ್ದನ್ನು ನಾವು ಧ್ವಜದ ಕೆಳಗೆ ನಿಂತು ಹೇಳುವುದಿಲ್ಲ. ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ಕೊಲೆಗಳಾದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು. ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಅಂದರೆ ನಮ್ಮ ಮೂರೂ ತಾಲೂಕುಗಳು ಆ ಪಟ್ಟಿಯೊಳಗೇ ಬಂದವು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು, ಸಂಸ್ಥಾನದಲ್ಲೆಲ್ಲ ಸೇರಿ ಸಮಿತಿಯ ಅಂದಾಜು 27 ಸಾವಿರದಿಂದ 40 ಸಾವಿರ. ವರದಿಯನ್ನು ಬಹಳ ವರ್ಷ ಬಚ್ಚಿಟ್ಟರು. ನಮ್ಮ ತರಗತಿಯಲ್ಲಿ ಎರಡೂ ಕಡೆಯ ಮನೆಗಳ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಆ ದಿನ ಗೋರಟಾ ಮತ್ತು ಈ ವರದಿ ಎರಡನ್ನೂ ಹೇಳಿದೆವು. ಹೇಳುವಾಗ ದನಿ ಸ್ವಲ್ಪ ನಡುಗಿದ್ದು ನಿಜ, ಮಕ್ಕಳು ಸುಮ್ಮನೆ ಕೇಳಿದರು.

1956ರಲ್ಲಿ ಸಂಸ್ಥಾನದ ನೆಲ ಹಂಚುವಾಗ ನಿಲಂಗಾ, ಉದಗೀರಗಳನ್ನು ಬೀದರ್‌ನಿಂದ ಬಿಡಿಸಿ ಮುಂಬಯಿ ರಾಜ್ಯಕ್ಕೆ ಸೇರಿಸಿದರು. ರಾಜೇಶ್ವರ ಮೈಸೂರಿಗೆ ಹೋಯಿತು. ಟೆಂಪೆಸ್ಟ್ ಐದು ನಿಮಿಷದಲ್ಲಿ ದಾಟಿದ ದಾರಿಯ ನಡುವೆ ಈಗ ರಾಜ್ಯದ ಗಡಿ ಇದೆ.

ಬೀದರ್‌ನ ವಾಯುನೆಲೆಯಲ್ಲಿ 2008ರಿಂದ ಹಾಕ್ ಎಂಬ ತರಬೇತಿ ಜೆಟ್‌ಗಳಿವೆ, ವೇಗ ಸಾವಿರದ ಮೇಲೆ. ಹಾಕ್ ಮೊದಲು ತಯಾರಾದದ್ದು ಹಾಕರ್ ಸಿಡ್ಲಿಯಲ್ಲಿ, ಅಂದರೆ ಹರಿಕೇನ್, ಟೆಂಪೆಸ್ಟ್‌ಗಳ ಮನೆತನವೇ. ಇದನ್ನು ಹೇಳಿದಾಗ ಆ ಹುಡುಗ ಕೂತಲ್ಲೇ ಮತ್ತೆ ಕೈ ಎತ್ತಿದ. "ಸರ್, ಹಂಗಾದ್ರ 48 ಕಿಲೋಮೀಟರ್‌ಗೆ ಮೂರೇ ನಿಮಿಷ ಏನ್ರಿ?"