ಪಾದರಸ ಆವಿ ದೀಪ

ಗಾಳಿ ತೆಗೆದ ಕೊಳವೆಯೊಳಗೆ ಪಾದರಸದ ಆವಿ ತುಂಬಿಸಿ, ಅದರಲ್ಲಿ ವಿದ್ಯುತ್ ಹರಿಸಿ ಬೆಳಕು ಪಡೆಯುವ ದೀಪ. ಕಾಯಿಸಿ ಬೆಳಗಿಸುವ ತಂತಿ ಇದರಲ್ಲಿಲ್ಲ; ಬೆಳಗುವುದು ಆವಿಯೇ. ನ್ಯೂಯಾರ್ಕಿನ ಪೀಟರ್ ಕೂಪರ್ ಹೆವಿಟ್ 1901ರಲ್ಲಿ ಈ ದೀಪಕ್ಕೆ ದಿನಬಳಕೆಗೆ ಒಗ್ಗುವ ರೂಪ ಕೊಟ್ಟ. ಮನೆಯ ಟ್ಯೂಬ್‌ಲೈಟ್, ಬೀದಿಯ ಮರ್ಕ್ಯುರಿ ದೀಪ, ಕುಡಿಯುವ ನೀರಿನ ಫಿಲ್ಟರಿನೊಳಗಿನ ಯುವಿ ಕೊಳವೆ ಎಲ್ಲವೂ ಇದರ ವಂಶದವೇ. ಹೆವಿಟ್‌ನ ದೀಪದ ಬೆಳಕು ಅಗ್ಗವಾಗಿತ್ತು, ಪ್ರಖರವಾಗಿತ್ತು. ಆದರೆ ಅದರಲ್ಲಿ ಕೆಂಪು ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಈ ಒಂದು ಕೊರತೆಯಿಂದ ದೀಪಕ್ಕೆ ಮನೆಗಳೊಳಗೆ ಕಾಲಿಡಲಾಗಲಿಲ್ಲ; ಸ್ಟುಡಿಯೋ, ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಮಾತ್ರ ಅದಕ್ಕೆ ಸರಿಸಾಟಿ ಇರಲಿಲ್ಲ.

ಪಾದರಸ ಬೆಳಗಬಲ್ಲದು ಎಂಬುದು ಹಳೆಯ ಸಂಗತಿ. ಫ್ರಾನ್ಸಿನ ಖಗೋಳಜ್ಞ ಜಾನ್ ಪಿಕಾರ್ 1675ರ ಸುಮಾರಿಗೆ ಕತ್ತಲಲ್ಲಿ ವಾಯುಭಾರಮಾಪಕವನ್ನು ಒಯ್ಯುತ್ತಿದ್ದಾಗ, ಪಾದರಸ ಅಲುಗಿದಂತೆಲ್ಲ ಅದರ ಮೇಲಿನ ಖಾಲಿ ಜಾಗದಲ್ಲಿ ಮಂದ ಬೆಳಕು ಮಿನುಗುವುದನ್ನು ಕಂಡಿದ್ದ. ಗಾಜಿಗೆ ಪಾದರಸ ಉಜ್ಜಿ ಹುಟ್ಟುವ ವಿದ್ಯುತ್ತೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. 1835ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಪಾದರಸದ ಕಿಡಿಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ನೋಡಿದ. ಅದು ಕಾಮನಬಿಲ್ಲಿನಂತೆ ಎಡೆಬಿಡದೆ ಹರಡಿಕೊಳ್ಳದೆ, ಬಿಡಿಬಿಡಿ ಗೆರೆಗಳಾಗಿ ಒಡೆಯಿತು.

ಪಾದರಸದ ಬೆಳಕನ್ನು ಬೀದಿ ಬೆಳಗಲು ಬಳಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ವೇ ಒಬ್ಬ. ಕೃಷಿ ವಿಜ್ಞಾನ ಓದಿದವರಿಗೆ ಈ ಹೆಸರು ಗೊತ್ತಿರಬೇಕು. ಮಣ್ಣು ಗೊಬ್ಬರದ ಲವಣಗಳನ್ನು ಹಿಡಿದಿಟ್ಟುಕೊಂಡು, ಬದಲಿಗೆ ಬೇರೆ ಲವಣಗಳನ್ನು ಬಿಟ್ಟುಕೊಡುತ್ತದೆ ಎಂಬುದನ್ನು 1850ರಲ್ಲಿ ತೋರಿಸಿಕೊಟ್ಟವನು ಇವನೇ. ಸಣ್ಣ ಧಾರೆಯಾಗಿ ಬೀಳುವ ಪಾದರಸದಲ್ಲಿ ವಿದ್ಯುತ್ ಹರಿಸಿ, 1860ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಹಂಗರ್‌ಫರ್ಡ್ ತೂಗುಸೇತುವೆಯನ್ನು ಬೆಳಗಿಸಿದ. ವಿದ್ಯುತ್ತಿಗೆ ಬ್ಯಾಟರಿಯನ್ನೇ ನೆಚ್ಚಿಕೊಳ್ಳಬೇಕಿದ್ದ ಕಾಲ ಅದು. ದೀಪ ಸೇತುವೆಯಿಂದಾಚೆಗೆ ಹಬ್ಬಲಿಲ್ಲ.

1892ರಲ್ಲಿ ಬರ್ಲಿನ್ನಿನ ಲಿಯೋ ಆರನ್ಸ್ ಇದೇ ದಾರಿಯಲ್ಲಿ ಮುಖ್ಯ ಹೆಜ್ಜೆಯೊಂದನ್ನಿಟ್ಟ. ತಲೆಕೆಳಗಾದ ಯು ಆಕಾರದ ಗಾಜಿನ ಕೊಳವೆಯಿಂದ ಗಾಳಿ ತೆಗೆದು, ಎರಡೂ ಕಾಲುಗಳಲ್ಲಿ ಪಾದರಸ ತುಂಬಿಸಿದ. ಕೊಳವೆಯನ್ನು ಅಲುಗಿಸಿದರೆ ಎರಡೂ ಕಡೆಯ ಪಾದರಸ ಒಂದನ್ನೊಂದು ಮುಟ್ಟಿ ಬೇರಾಗುತ್ತಿತ್ತು. ಆ ಕ್ಷಣ ಆವಿ ಹೊತ್ತಿಕೊಳ್ಳುತ್ತಿತ್ತು. ಮುಚ್ಚಿದ ಕೊಳವೆಯಲ್ಲಿ ಆವಿಯಾದ ಪಾದರಸ ತಣ್ಣಗಾಗಿ ಮತ್ತೆ ಕೆಳಗಿಳಿಯುವುದರಿಂದ ಹೊಗೆಯ ಕಾಟವಿಲ್ಲ, ಪಾದರಸ ಖರ್ಚಾಗುವುದೂ ಇಲ್ಲ. ಮುಂದೆ ಆರನ್ಸ್‌ನ ಹೆಸರು ಹೆಚ್ಚು ಕೇಳಿಬಂದದ್ದು ರಾಜಕೀಯದಲ್ಲಿ. ಸೋಷಿಯಲ್ ಡೆಮಾಕ್ರಾಟ್ ಪಕ್ಷದವನೆಂಬ ಕಾರಣಕ್ಕೆ ಅವನನ್ನು ವಿಶ್ವವಿದ್ಯಾಲಯದಿಂದ ಹೊರಹಾಕಲೆಂದೇ ಪ್ರಷ್ಯಾ 1898ರಲ್ಲಿ ಕಾನೂನು ಮಾಡಿತು; 1900ರಲ್ಲಿ ಅವನು ಪಾಠ ಹೇಳುವ ಹಕ್ಕು ಕಳೆದುಕೊಂಡ.

ಹೆವಿಟ್ ಹುಟ್ಟಿದ್ದು 1861ರಲ್ಲಿ, ಸಿರಿವಂತರ ಮನೆಯಲ್ಲಿ. ತಾತ ಪೀಟರ್ ಕೂಪರ್ ನ್ಯೂಯಾರ್ಕಿನ ಕೂಪರ್ ಯೂನಿಯನ್ ವಿದ್ಯಾಸಂಸ್ಥೆಯನ್ನು ಕಟ್ಟಿದ ಉದ್ಯಮಿ. ತಂದೆ ಏಬ್ರಮ್ ಹೆವಿಟ್ ಆ ಊರಿನ ಮೇಯರ್ ಆಗಿದ್ದವನು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಗೋಪುರದಲ್ಲಿ ಪ್ರಯೋಗಾಲಯ ಮಾಡಿಕೊಂಡು, ಆವಿಯಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆದು ನೋಡಿದ. ಕೊಳವೆಯ ಉದ್ದ, ಅಗಲ, ಆವಿಯ ಒತ್ತಡ ಎಷ್ಟಿದ್ದರೆ ಎಷ್ಟು ಬೆಳಕು ಎಂಬ ಲೆಕ್ಕವನ್ನು ಅವನಷ್ಟು ತಾಳ್ಮೆಯಿಂದ ಹಿಂದೆ ಯಾರೂ ಹಾಕಿರಲಿಲ್ಲ. ಆರನ್ಸ್‌ನ ಪ್ರಯೋಗ ಹೆವಿಟ್‌ನ ಕೈಯಲ್ಲಿ ಸರಕಾದದ್ದು ಈ ಲೆಕ್ಕದಿಂದಲೇ. 1901ರ ಸೆಪ್ಟೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. 1902ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್‌ನ ಬೆಂಬಲದಿಂದ ಕೂಪರ್ ಹೆವಿಟ್ ಎಲೆಕ್ಟ್ರಿಕ್ ಕಂಪನಿ ಶುರುವಾಯಿತು.

ದೀಪದ ರಚನೆ ಸರಳ. ಸುಮಾರು ಒಂದು ಅಂಗುಲ ದಪ್ಪ, ನಾಲ್ಕು ಅಡಿ ಆಸುಪಾಸು ಉದ್ದದ ಗಾಜಿನ ಕೊಳವೆ. ಅದನ್ನು ಸ್ವಲ್ಪ ಓರೆಯಾಗಿ ಚಾವಣಿಯಿಂದ ತೂಗುಹಾಕುತ್ತಿದ್ದರು. ಕೆಳತುದಿಯಲ್ಲಿ ಕೊಳವೆ ಉಬ್ಬಿ ಬುರುಡೆಯಾಗಿರುತ್ತದೆ. ಪಾದರಸ ನಿಲ್ಲುವುದು ಅಲ್ಲಿ. ಅದೇ ಋಣಾಗ್ರ, ಅಂದರೆ ಕ್ಯಾಥೋಡ್. ಮೇಲಿನ ತುದಿಯಲ್ಲಿ ಕಬ್ಬಿಣದ ಪುಟ್ಟ ಬಟ್ಟಲು. ಅದು ಧನಾಗ್ರ, ಆನೋಡ್. ಗಾಜಿನೊಳಕ್ಕೆ ವಿದ್ಯುತ್ ಒಯ್ಯಲು ಪ್ಲಾಟಿನಂ ತಂತಿಯನ್ನು ಬೆಸೆದಿರುತ್ತಿದ್ದರು. ಬಿಸಿಯಾದಾಗ ಗಾಜು ಹಿಗ್ಗುವಷ್ಟೇ ಪ್ಲಾಟಿನಮ್ಮೂ ಹಿಗ್ಗುವುದರಿಂದ ಬೆಸುಗೆ ಬಿರುಕು ಬಿಡುವುದಿಲ್ಲ.

ಉಬ್ಬಿದ ಬುರುಡೆಗೆ ಇನ್ನೊಂದು ಕೆಲಸವೂ ಇತ್ತು. ಆವಿಯ ಒತ್ತಡ ಏರಿದರೂ ಕಷ್ಟ, ಇಳಿದರೂ ಕಷ್ಟ. ಎರಡರಲ್ಲೂ ಬೆಳಕು ಕುಗ್ಗುತ್ತದೆ. ಬುರುಡೆಯ ಮೈ ವಿಶಾಲವಾಗಿದ್ದರಿಂದ ತಂಪಾಗಿರುತ್ತಿತ್ತು, ಹೆಚ್ಚಾದ ಆವಿ ಅಲ್ಲಿ ಹನಿಗಟ್ಟಿ ಪಾದರಸದ ಕೊಳಕ್ಕೆ ಮರಳುತ್ತಿತ್ತು. ಬುರುಡೆಯ ಗಾತ್ರವನ್ನು ಸರಿಯಾಗಿ ಆರಿಸಿದರೆ ಕೊಳವೆಯ ಒತ್ತಡ ತಾನಾಗಿಯೇ ಹದದಲ್ಲಿ ನಿಲ್ಲುತ್ತಿತ್ತು. ಕವಾಟವಿಲ್ಲ, ಚಲಿಸುವ ಭಾಗವಿಲ್ಲ. ಇಡೀ ದೀಪದಲ್ಲಿ ಅತಿ ಜಾಣತನದ ಅಂಶ ಯಾವುದೆಂದರೆ ಈ ಬುರುಡೆಯನ್ನೇ ತೋರಿಸಬೇಕು.

ಹೊತ್ತಿಸುವುದು ಮಾತ್ರ ಸುಲಭದ್ದಾಗಿರಲಿಲ್ಲ. ಸ್ವಿಚ್ ಒತ್ತಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ತಣ್ಣಗಿನ ಪಾದರಸದ ಮೇಲ್ಮೈ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಲು ಒಪ್ಪದು. ಸಾಮಾನ್ಯ ವೋಲ್ಟೇಜಿಗೆ ಅದು ಜಗ್ಗುವುದಿಲ್ಲ. ಹಾಗಾಗಿ ಕೆಲಸದವನು ದೀಪದಿಂದ ಇಳಿಬಿದ್ದ ಸರಪಳಿ ಹಿಡಿದು ಎಳೆಯಬೇಕಿತ್ತು. ಕೊಳವೆ ವಾಲುತ್ತಿತ್ತು, ಬುರುಡೆಯ ಪಾದರಸ ತೆಳ್ಳಗೆ ಹರಿದು ಮೇಲ್ತುದಿಯ ಕಬ್ಬಿಣವನ್ನು ಮುಟ್ಟುತ್ತಿತ್ತು. ಆಗ ವಿದ್ಯುತ್ತಿಗೆ ದಾರಿ ಸಿಗುತ್ತಿತ್ತು. ಸರಪಳಿ ಬಿಟ್ಟೊಡನೆ ಕೊಳವೆ ಮೊದಲಿನಂತೆ ನಿಂತು, ಪಾದರಸದ ಎಳೆ ನಡುವೆ ಎಲ್ಲೋ ತುಂಡಾಗುತ್ತಿತ್ತು. ತುಂಡಾದ ಜಾಗದಲ್ಲಿ ಕಿಡಿ ಹಾರಿ, ಆವಿ ಎದ್ದು, ಪಾದರಸ ಹಿಂದಕ್ಕೆ ಸರಿದಂತೆ ಹಸಿರು ಬೆರೆತ ನೀಲಿ ಬೆಳಕು ಕೊಳವೆಯುದ್ದಕ್ಕೂ ಹಬ್ಬುತ್ತಿತ್ತು. ಕೆಳಗಿನ ಪಾದರಸದ ಮೇಲೆ ಕಣ್ಣು ಕುಕ್ಕುವ ಒಂದು ಬಿಳಿ ಚುಕ್ಕೆ ಒಂದೆಡೆ ನಿಲ್ಲದೆ ಓಡಾಡುತ್ತಿರುತ್ತದೆ. ಎಲೆಕ್ಟ್ರಾನುಗಳು ಹೊರಡುವುದು ಆ ಚುಕ್ಕೆಯಿಂದ. ಚುಕ್ಕೆ ಕ್ಷಣಮಾತ್ರ ಆರಿದರೂ ದೀಪ ಕೆಟ್ಟಿತೆಂದೇ ಅರ್ಥ. ಮತ್ತೆ ಸರಪಳಿ ಎಳೆಯಬೇಕು.

ಕೆಲವೇ ವರ್ಷಗಳಲ್ಲಿ ವಾಲಿಸುವ ಕೆಲಸವನ್ನು ವಿದ್ಯುತ್ಕಾಂತಕ್ಕೆ ವಹಿಸಿದರು. ಆಮೇಲೆ ವಾಲಿಸುವುದನ್ನೇ ಬಿಟ್ಟು, ತಂತಿಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದು, ಆಗ ಏಳುವ ಹೆಚ್ಚಿನ ವೋಲ್ಟೇಜಿನಿಂದ ದೀಪ ಹೊತ್ತಿಸುವ ಏರ್ಪಾಡು ಬಂತು. ಟ್ಯೂಬ್‌ಲೈಟಿನ ಸ್ಟಾರ್ಟರ್ ಮತ್ತು ಚೋಕ್ ಸೇರಿ ಮಾಡುತ್ತಿದ್ದುದು ಇದೇ ಕೆಲಸವನ್ನು.

ಚೋಕ್ ಬೇಕಾದದ್ದು ಹೊತ್ತಿಸುವುದಕ್ಕಷ್ಟೇ ಅಲ್ಲ. ತಂತಿಯಲ್ಲಿ ವಿದ್ಯುತ್ ಹೆಚ್ಚಿಸಲು ವೋಲ್ಟೇಜ್ ಹೆಚ್ಚಿಸಬೇಕು. ಆವಿಯ ರೀತಿ ತಿರುಗುಮುರುಗು: ವಿದ್ಯುತ್ ಹೆಚ್ಚಿದಂತೆ ಆವಿಯ ಅಡ್ಡಿ ಕುಗ್ಗಿ, ಇನ್ನಷ್ಟು ವಿದ್ಯುತ್ ನುಗ್ಗುತ್ತದೆ. ತಡೆಯದೆ ಬಿಟ್ಟರೆ ಫ್ಯೂಸ್ ಹಾರುತ್ತದೆ, ಇಲ್ಲವೇ ಕೊಳವೆ ಒಡೆಯುತ್ತದೆ. ಅದಕ್ಕೆ ದೀಪದ ಜೊತೆ ಸರಣಿಯಲ್ಲಿ ರೋಧಕವೊಂದನ್ನೂ ತಂತಿಸುರುಳಿಯೊಂದನ್ನೂ ಸೇರಿಸುತ್ತಿದ್ದರು. ರೋಧಕ ವಿದ್ಯುತ್ತಿಗೆ ಮಿತಿ ಹಾಕುತ್ತದೆ; ವಿದ್ಯುತ್ ಅರೆಕ್ಷಣ ತಗ್ಗಿದರೆ ಸುರುಳಿ ಅದನ್ನು ಎತ್ತಿಹಿಡಿದು ಚುಕ್ಕೆ ಆರದಂತೆ ಕಾಯುತ್ತದೆ. 110 ವೋಲ್ಟ್ ಡಿಸಿ ಸರಬರಾಜಿನಲ್ಲಿ ಇಂಥ ದೀಪ ಸುಮಾರು 3.5 ಆಂಪಿಯರ್ ಎಳೆಯುತ್ತಿತ್ತು.

ಎಸಿ ವಿದ್ಯುತ್ತಿನಲ್ಲಿ ಈ ದೀಪ ನೇರವಾಗಿ ಉರಿಯದು. ದಿಕ್ಕು ಬದಲಾದಾಗಲೆಲ್ಲ ಚುಕ್ಕೆ ಆರುತ್ತದೆ. ಮೇಲ್ತುದಿಯಲ್ಲಿ ಎರಡು ಆನೋಡ್ ಇಟ್ಟು ಹೆವಿಟ್ ಇದನ್ನು ಪರಿಹರಿಸಿದ. ಎರಡೂ ಸರದಿಯ ಮೇಲೆ ಕೆಲಸ ಮಾಡುವುದರಿಂದ ಪಾದರಸದ ಕೊಳ ಎಂದೂ ಕ್ಯಾಥೋಡ್ ಆಗಿಯೇ ಉಳಿಯುತ್ತದೆ. ಈ ತೊಂದರೆಯ ಜಾಡು ಹಿಡಿದೇ 1902ರಲ್ಲಿ ಅವನು ಎಸಿಯನ್ನು ಡಿಸಿಗೆ ಬದಲಿಸುವ ಪಾದರಸ ರೆಕ್ಟಿಫೈಯರ್ ರೂಪಿಸಿದ. ವಿದ್ಯುತ್ ರೈಲು, ಕಾರ್ಖಾನೆಗಳಲ್ಲಿ ಅದು ದಶಕಗಟ್ಟಲೆ ದುಡಿಯಿತು. ಸಿಲಿಕಾನ್ ಸಾಧನಗಳು ಬಂದ ಮೇಲೆ ಮೂಲೆ ಸೇರಿತು.

ಇನ್ನು ಬೆಳಕಿನ ಬಗೆ. ಪಾದರಸದ ಪರಮಾಣುಗಳು ಬಿಡುವ ಗೋಚರ ಬೆಳಕು ಕೆಲವೇ ಗೆರೆಗಳಲ್ಲಿ ಅಡಕವಾಗಿದೆ: 404.7 ನ್ಯಾನೋಮೀಟರಿನ ನೇರಳೆ, 435.8ರ ನೀಲಿ, 546.1ರ ಹಸಿರು, 577 ಮತ್ತು 579ರ ಜೋಡಿ ಹಳದಿ. ಕರ್ನಾಟಕದ ಕಾಲೇಜುಗಳಲ್ಲಿ ಬಿಎಸ್ಸಿ ಭೌತಶಾಸ್ತ್ರ ಓದಿದವರು ಸ್ಪೆಕ್ಟ್ರೋಮೀಟರಿನ ಮೇಲೆ ಗ್ರೇಟಿಂಗ್ ಕೂರಿಸಿ, ಕತ್ತಲಕೋಣೆಯಲ್ಲಿ ವರ್ನಿಯರ್ ಓದುತ್ತ ಅಳೆದಿರುವುದು ಇದೇ ಗೆರೆಗಳನ್ನು. ಆ ಜೋಡಿ ಹಳದಿ ಬೇರೆಬೇರೆಯಾಗಿ ಕಂಡರೆ ಉಪಕರಣ ಸರಿಯಾಗಿ ಹೊಂದಿಕೊಂಡಿದೆ ಎಂದೇ ಲೆಕ್ಕ.

ಕೆಂಪು ಇಲ್ಲದ್ದರಿಂದ ಈ ಬೆಳಕಿನಲ್ಲಿ ತುಟಿ ಕಪ್ಪಾಗಿ, ಕೆನ್ನೆ ಹಸಿರುಗಟ್ಟಿ, ಕುಳಿತವರೆಲ್ಲ ಕಾಯಿಲೆಯವರಂತೆ ಕಾಣುತ್ತಿದ್ದರು. ಊಟದ ಮನೆಗೆ, ಬಟ್ಟೆ ಅಂಗಡಿಗೆ ಇದು ಆಗಿಬರಲಿಲ್ಲ. ಪಕ್ಕದಲ್ಲೇ ತಂತಿಯ ಬಲ್ಬು ಉರಿಸಿ ನೋಡಿದರು. ಹಸಿರನ್ನು ಹೀರಿ ಕೆಂಪಾಗಿ ಹೊಳೆಯುವ ರೋಡಮೀನ್ ಬಣ್ಣವನ್ನು ಪ್ರತಿಫಲಕಕ್ಕೆ ಬಳಿದೂ ನೋಡಿದರು. ಸಣ್ಣ ಉಪಾಯವೆನಿಸಿದರೂ, ಒಂದು ಬೆಳಕನ್ನು ಇನ್ನೊಂದಾಗಿ ಮಾರ್ಪಡಿಸುವ ಈ ಬಳಿಕೆ ಮುಂದಿನ ಟ್ಯೂಬ್‌ಲೈಟಿನ ಮೂಲತತ್ವವೇ ಆಗಿತ್ತು.

ಬಣ್ಣ ಮುಖ್ಯವಲ್ಲದ ಕಡೆ ದೀಪ ಗೆದ್ದಿತು. ಅಂದಿನ ಕಾರ್ಬನ್ ತಂತಿಯ ಬಲ್ಬಿಗೆ ಹೋಲಿಸಿದರೆ ಅಷ್ಟೇ ವಿದ್ಯುತ್ತಿನಲ್ಲಿ ಮೂರ್ನಾಲ್ಕು ಪಟ್ಟು ಬೆಳಕು. ಉದ್ದನೆಯ ಕೊಳವೆಯಿಂದ ಬರುವುದರಿಂದ ಗಾಢ ನೆರಳೂ ಬೀಳದು. ಯಂತ್ರದ ಕಾರ್ಖಾನೆ, ನಕ್ಷೆ ಬರೆಯುವ ಕೋಣೆ, ಅಚ್ಚುಕೂಟಗಳು ಇದನ್ನು ಕೊಂಡವು. ಎಲ್ಲಕ್ಕಿಂತ ಹೆಚ್ಚಾಗಿ ಒಲಿದದ್ದು ಛಾಯಾಗ್ರಹಣಕ್ಕೆ. ಆ ಕಾಲದ ಫಿಲ್ಮು ನೀಲಿ, ನೇರಳೆಗೆ ಚುರುಕಾಗಿ ಸ್ಪಂದಿಸುತ್ತಿತ್ತು, ಕೆಂಪನ್ನು ಕಾಣುತ್ತಲೇ ಇರಲಿಲ್ಲ. ಮನುಷ್ಯನ ಕಣ್ಣಿಗೆ ಒಗ್ಗದ ಬೆಳಕು ಕ್ಯಾಮೆರಾಗೆ ಹೇಳಿ ಮಾಡಿಸಿದಂತಿತ್ತು. 1903ರಲ್ಲಿ ಬಯೋಗ್ರಾಫ್ ಕಂಪನಿ ನ್ಯೂಯಾರ್ಕಿನ 14ನೇ ಬೀದಿಯ ಮನೆಯೊಂದರಲ್ಲಿ ಕೂಪರ್ ಹೆವಿಟ್ ಕೊಳವೆಗಳನ್ನು ಸಾಲಾಗಿ ತೂಗಿಸಿ, ಬಿಸಿಲಿನ ಹಂಗಿಲ್ಲದೆ ಚಿತ್ರೀಕರಣ ಮಾಡತೊಡಗಿತು. ಅದಕ್ಕೆ ಮುಂಚೆ ಸ್ಟುಡಿಯೋಗಳು ಗಾಜಿನ ಮಾಡು ಹೊದ್ದು ಸೂರ್ಯನನ್ನು ಕಾಯಬೇಕಿತ್ತು. ಡಿ. ಡಬ್ಲ್ಯು. ಗ್ರಿಫಿತ್ 1908ರಿಂದ ಚಿತ್ರ ನಿರ್ದೇಶನ ಕಲಿತದ್ದು ಈ ದೀಪಗಳಡಿಯಲ್ಲಿ.

ದೀಪದ ಬೆಳಕಿನಲ್ಲಿ ಕಣ್ಣಿಗೆ ಕಾಣದ ಪಾಲೂ ದೊಡ್ಡದು. ಪಾದರಸದ ಆವಿ 253.7 ನ್ಯಾನೋಮೀಟರಿನ ನೇರಳಾತೀತ ಕಿರಣವನ್ನು ಧಾರಾಳವಾಗಿ ಸೂಸುತ್ತದೆ. ಮಾಮೂಲಿ ಗಾಜು ಅದನ್ನು ಒಳಗೇ ನುಂಗಿಬಿಡುತ್ತದೆ. ಜರ್ಮನಿಯ ಹನಾವ್ ಊರಿನ ಹೆರೇಯಸ್ ಕಂಪನಿಯಲ್ಲಿ ರಿಚರ್ಡ್ ಕ್ಯೂಖ್ 1899ರಲ್ಲಿ ಸ್ಫಟಿಕ ಶಿಲೆಯನ್ನು ಹೈಡ್ರೋಜನ್-ಆಕ್ಸಿಜನ್ ಜ್ವಾಲೆಯಲ್ಲಿ ಕರಗಿಸಿ ಗುಳ್ಳೆಯಿಲ್ಲದ ಕ್ವಾರ್ಟ್ಜ್ ಗಾಜು ಮಾಡುವುದನ್ನು ಸಾಧಿಸಿದ. ಕೆಲವೇ ವರ್ಷಗಳಲ್ಲಿ ಅದರಿಂದ ಪಾದರಸ ದೀಪ ತಯಾರಾಯಿತು. ಕ್ವಾರ್ಟ್ಜ್ ನೇರಳಾತೀತವನ್ನು ಹೊರಬಿಡುತ್ತದೆ, ಹೆಚ್ಚು ಶಾಖವನ್ನೂ ತಾಳುತ್ತದೆ. ಹಾಗಾಗಿ ಕೊಳವೆಯನ್ನು ಗೇಣುದ್ದಕ್ಕೆ ಇಳಿಸಿ ಬೆಳಕನ್ನು ಏರಿಸಬಹುದಾಯಿತು.

1910ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಇಂಥ ದೀಪದಿಂದ ಕುಡಿಯುವ ನೀರಿನ ರೋಗಾಣು ಕೊಲ್ಲುವ ಪ್ರಯತ್ನ ನಡೆಯಿತು. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ, ರಿಕೆಟ್ಸ್ ರೋಗದಿಂದ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತಿದ್ದ ಮಕ್ಕಳನ್ನು ಕ್ವಾರ್ಟ್ಜ್ ದೀಪದ ಮುಂದೆ ಮಲಗಿಸಿ ಗುಣಪಡಿಸಿದ. ಮೂಳೆಗೆ ಸುಣ್ಣದ ಅಂಶ ಮರಳುವುದು ಎಕ್ಸ್-ರೇ ಚಿತ್ರಗಳಲ್ಲಿ ಕಂಡಿತು. ಯುದ್ಧದಿಂದ ಹಸಿದಿದ್ದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಡಿ ಜೀವಸತ್ವದ ಗುಟ್ಟು ಬಯಲಾದದ್ದು ಆನಂತರ.

ಭಾರತೀಯ ವಿಜ್ಞಾನದ ಅತಿ ಹೆಸರಾಂತ ಪ್ರಯೋಗವೂ ಈ ದೀಪಕ್ಕೆ ಋಣಿ. ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಮೊದಲು ಬಿಸಿಲನ್ನೇ ಬಳಸಿ ದ್ರವಗಳಲ್ಲಿ ಬೆಳಕು ಚದುರುವುದನ್ನು ನೋಡುತ್ತಿದ್ದರು. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿರುವುದರಿಂದ ಹೊಸದಾಗಿ ಹುಟ್ಟಿದ ಬಣ್ಣವನ್ನು ಗುರುತಿಸುವುದು ಕಷ್ಟ. 1928ರಲ್ಲಿ ಕ್ವಾರ್ಟ್ಜ್ ಪಾದರಸ ದೀಪವನ್ನು ಹಚ್ಚಿದಾಗ, ಅದರ ಚೂಪಾದ ಗೆರೆಗಳ ಪಕ್ಕದಲ್ಲಿ, ದೀಪದಲ್ಲಿ ಇಲ್ಲದ ಹೊಸ ಗೆರೆಗಳು ಸ್ಪಷ್ಟವಾಗಿ ಎದ್ದು ನಿಂತವು. ಮನೆಗೆ ಒಲ್ಲದ ಅರೆಬಣ್ಣದ ಬೆಳಕೇ ಇಲ್ಲಿ ಅತ್ಯಂತ ಯೋಗ್ಯವಾದ ಉಪಕರಣವಾಯಿತು. ಈ ಶೋಧವನ್ನು ವಿವರಿಸುವ ಉಪನ್ಯಾಸವನ್ನು ರಾಮನ್ ನೀಡಿದ್ದು 1928ರ ಮಾರ್ಚ್ 16ರಂದು, ಬೆಂಗಳೂರಿನಲ್ಲಿ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಎಸ್. ಕೃಷ್ಣನ್ ಪಾದರಸದ 253.7 ನ್ಯಾನೋಮೀಟರ್ ಗೆರೆಯನ್ನೇ ಬಳಸಿ ವಜ್ರ ಮೊದಲಾದ ಹರಳುಗಳ ಇಂಥ ಹೊಸ ಗೆರೆಗಳನ್ನು, ಅಂದರೆ ರಾಮನ್ ರೋಹಿತವನ್ನು, ದಾಖಲಿಸಿದರು. 1960ರ ದಶಕದಲ್ಲಿ ಲೇಸರ್ ಬರುವವರೆಗೂ ಈ ಕ್ಷೇತ್ರದಲ್ಲಿ ಪಾದರಸ ದೀಪದ್ದೇ ಆಳ್ವಿಕೆ.

ಕೂಪರ್ ಹೆವಿಟ್ ಕೊಳವೆಯ ಸುಗ್ಗಿ ಹೆಚ್ಚು ಕಾಲ ಉಳಿಯಲಿಲ್ಲ. ಟಂಗ್‌ಸ್ಟನ್ ತಂತಿಯ ಬಲ್ಬು, ಅದರಲ್ಲೂ 1913ರ ಅನಿಲ ತುಂಬಿದ ಬಲ್ಬು, ಖರ್ಚಿನ ಅಂತರವನ್ನು ಬಹಳಷ್ಟು ಮುಚ್ಚಿಹಾಕಿತು. ಜನರಲ್ ಎಲೆಕ್ಟ್ರಿಕ್ 1919ರಲ್ಲಿ ಕಂಪನಿಯನ್ನು ಕೊಂಡಿತು. ಹೆವಿಟ್ 1921ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. 1930ರ ದಶಕದಲ್ಲಿ ಹೆಚ್ಚು ಒತ್ತಡದ ಪಾದರಸ ದೀಪ ಬೀದಿಗಿಳಿಯಿತು. ನೇರಳಾತೀತವನ್ನು ಪ್ರತಿದೀಪಕ ಪುಡಿಯ ಲೇಪದಿಂದ ಬಿಳಿ ಬೆಳಕಾಗಿಸುವ ಟ್ಯೂಬ್‌ಲೈಟ್ 1938ರಲ್ಲಿ ಮಾರಾಟಕ್ಕೆ ಬಂತು.

ಪಾದರಸ ನರಮಂಡಲವನ್ನು ಹಾಳುಮಾಡುವ ವಿಷ. 2013ರಲ್ಲಿ ಜಪಾನಿನಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಮಿನಾಮಾಟ ಒಪ್ಪಂದ, ಸಾಮಾನ್ಯ ಬೆಳಕಿಗೆ ಬಳಸುವ ಹೆಚ್ಚು ಒತ್ತಡದ ಪಾದರಸ ದೀಪಗಳ ತಯಾರಿಕೆಯನ್ನು ನಿಲ್ಲಿಸಲು 2020ರ ಗಡುವು ಇಟ್ಟಿತು. ಭಾರತವೂ ಅದಕ್ಕೆ ಸಹಿ ಹಾಕಿದೆ. ಎಲ್‌ಇಡಿ ಬಂದ ಮೇಲೆ ಮನೆಗಳಿಂದ ಹೊರಬೀಳುತ್ತಿರುವ ಹಳೆಯ ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳಲ್ಲಿ ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇದ್ದೇ ಇದೆ. ಅವನ್ನು ತಿಪ್ಪೆಯಲ್ಲಿ ಒಡೆದು ಹಾಕಬಾರದು. ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಇಡಿಯಾಗಿಯೇ ಕೊಡಬೇಕು.