ಮಾತೃಪ್ರತಿಯ ನಾಶ ಮತ್ತು ಪುನಃಸ್ಥಾಪನೆ: ಮೂಡಬಿದಿರೆಯ ಓಲೆಯಿಂದ ಹಾರ್ಡ್ ಡಿಸ್ಕಿನವರೆಗೆ

ಪ್ರಾಚೀನ ಗ್ರಂಥಗಳ ಸಂರಕ್ಷಣೆಯನ್ನು ಕುರಿತು ವಿಚಾರಿಸುವಾಗ ಗ್ರಂಥವೂ ಅದನ್ನು ಧರಿಸಿರುವ ವಸ್ತುವೂ ಬೇರೆ ಬೇರೆ ಎಂಬುದನ್ನು ಮೊದಲು ಗ್ರಹಿಸಬೇಕಾಗುತ್ತದೆ. ಓಲೆ ಜೀರ್ಣವಾಗುತ್ತದೆ, ಕಾಗದ ಪುಡಿಯಾಗುತ್ತದೆ. ಗ್ರಂಥವು ಪ್ರತಿಯಿಂದ ಪ್ರತಿಗೆ ಸಂಕ್ರಮಿಸಿ ಉಳಿಯುತ್ತದೆ. ಈಚಿನ ದಶಕಗಳಲ್ಲಿ ತಾಡವೋಲೆಗಳ ಛಾಯಾಚಿತ್ರಗಳನ್ನು ಗಣಕಯಂತ್ರದ ಹಾರ್ಡ್ ಡಿಸ್ಕುಗಳಲ್ಲಿ ಸಂಗ್ರಹಿಸುವ ಪದ್ಧತಿ ಬಂದಿರುವುದರಿಂದ ಈ ಹಳೆಯ ಸಮಸ್ಯೆ ಹೊಸ ರೂಪದಲ್ಲಿ ಎದುರಾಗಿದೆ. ಡಿಸ್ಕು ಕೆಟ್ಟಾಗ ಬೇರೊಂದನ್ನು ಅದರ ಸ್ಥಾನದಲ್ಲಿಟ್ಟು ಗ್ರಂಥವನ್ನು ಯಥಾವತ್ತಾಗಿ ಮರಳಿ ಪಡೆಯುವ ಬಗೆ ಹೇಗೆ? ಇದಕ್ಕೆ ಉತ್ತರವು ಜೈನ ಗ್ರಂಥಭಂಡಾರಗಳ ಇತಿಹಾಸದಲ್ಲಿಯೇ ಬಹುಮಟ್ಟಿಗೆ ದೊರೆಯುತ್ತದೆ.

ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾಟೀಕೆಯ ಪರಿಮಾಣ 72,000 ಗ್ರಂಥವೆಂದು ಪ್ರಸಿದ್ಧಿ. ಇಷ್ಟು ವಿಸ್ತಾರವಾದ ಸಿದ್ಧಾಂತಗ್ರಂಥದ ಹಳಗನ್ನಡ ಲಿಪಿಯ ತಾಡಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಒಂದಕ್ಕಿಂತ ಹೆಚ್ಚು ಪ್ರತಿಗಳಿದ್ದರೂ ಅವೆಲ್ಲವೂ ಒಂದೇ ಸೂರಿನ ಅಡಿಯಲ್ಲಿದ್ದುದರಿಂದ ಅಪಾಯವೂ ಒಂದೇ ಆಗಿತ್ತು. ಅವು ಭಕ್ತರ ದರ್ಶನಕ್ಕೆ ಒದಗುತ್ತಿದ್ದವೇ ಹೊರತು ವಿದ್ವಾಂಸರ ಅಧ್ಯಯನಕ್ಕೆ ಒದಗುತ್ತಿರಲಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ನಾಡಿನಲ್ಲಿಯೇ ಸಿದ್ಧಾಂತಗ್ರಂಥಕ್ಕೆ ಈ ಸ್ಥಿತಿ ಒದಗಿದ್ದುದು ಗಮನಾರ್ಹ.

ಓಲೆಗಳು ಶಿಥಿಲವಾಗುತ್ತಿರುವುದನ್ನು ಕಂಡ ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದ ಶ್ರಾವಕರ ಪ್ರಯತ್ನದಿಂದ ಪ್ರತಿಲಿಪಿಯ ಕಾರ್ಯ ಆರಂಭವಾಯಿತು. 1896ರಿಂದ 1922ರವರೆಗೆ, 26 ವರ್ಷಗಳ ಕಾಲ ಅದು ನಡೆಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಕಾರ್ಯದ ನಡುವೆಯೇ ತೀರಿಕೊಂಡರು; ಗಜಪತಿ ಉಪಾಧ್ಯಾಯರು ಅದನ್ನು ಮುಂದುವರಿಸಿದರು. ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಬಾರದೆಂಬ ನಿರ್ಬಂಧವಿದ್ದರೂ, ಉಪಾಧ್ಯಾಯರು ಗುಟ್ಟಾಗಿ ಮತ್ತೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿತು. ಅಲ್ಲಿ ನಾಗರೀ ಲಿಪಿಗೆ ತಿರುಗಿಸಿದ ಸೀತಾರಾಮ ಶಾಸ್ತ್ರಿಗಳೂ ತಮಗಾಗಿ ಒಂದು ಪ್ರತಿಯನ್ನು ಇಟ್ಟುಕೊಂಡುದರಿಂದ ಅಮರಾವತಿ, ಆರಾ, ಕಾರಂಜಾಗಳ ಪ್ರತಿಗಳು ಹುಟ್ಟಿದವು. ಈ ಕ್ರಮದ ಔಚಿತ್ಯವನ್ನು ಕುರಿತು ಭಿನ್ನಾಭಿಪ್ರಾಯವಿರಬಹುದು, ಆದರೆ ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚುಹಾಕಿಸಲು ಸಾಧ್ಯವಾದುದು ಈ ಪ್ರತಿಗಳಿಂದಲೇ.

ಪ್ರತಿ ಇದ್ದ ಮಾತ್ರಕ್ಕೆ ಗ್ರಂಥ ಉಳಿಯಿತೆಂದು ಹೇಳುವಂತಿಲ್ಲ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದ ಈ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಅರ್ಥವನ್ನು ಪರಿಶೀಲಿಸಿದ ಸಂಪಾದಕರು ಅಲ್ಲಿ ಆ ಪದ ಇರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರಿಗೆ ಯಾವ ಗುಣಸ್ಥಾನಗಳು ಸಂಭವಿಸುತ್ತವೆ ಎಂಬ ಪ್ರಶ್ನೆಯೇ ಅದರಲ್ಲಿ ಅಡಗಿದ್ದುದರಿಂದ ತೀವ್ರವಾದ ವಾದವೆದ್ದಿತು. ಮುಂದೆ ಮೂಡಬಿದಿರೆಯ ತಾಡಪ್ರತಿಗಳೊಡನೆ ಹೋಲಿಸಿದಾಗ ಆ ಪದ ಅಲ್ಲಿ ದೊರೆಯಿತು. ಮಾತೃಪ್ರತಿ ನಷ್ಟವಾಗಿದ್ದರೆ ಈ ವಾದಕ್ಕೆ ನಿರ್ಣಯವೇ ಇರುತ್ತಿರಲಿಲ್ಲ.

ಹಾರ್ಡ್ ಡಿಸ್ಕಿನ ಇತಿಹಾಸ ಇದಕ್ಕೆ ಹೋಲಿಸಿದರೆ ತೀರ ಈಚಿನದು. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲವೂ ಸೇರಿ ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಇಂದಿನ ಡಿಸ್ಕು ಅಂಗೈಯಗಲದಲ್ಲಿ ಒಂದು ಭಂಡಾರವನ್ನೇ ಹಿಡಿಯಬಲ್ಲದು. ವೇಗವಾಗಿ ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತಲೂ ಬಹು ಕಿರಿದಾದ ಅಂತರದಲ್ಲಿ ಓದುವ ಮೊನೆ ಚಲಿಸುತ್ತದೆ. ಅದು ತಟ್ಟೆಗೆ ತಗುಲಿದರೆ ಬರಹ ಕೆರೆದುಹೋಗುತ್ತದೆ. ಓಲೆಯನ್ನು ಹುಳು ವರ್ಷಗಳ ಕಾಲ ತಿನ್ನುತ್ತದೆ. ಡಿಸ್ಕು ಒಂದು ಕ್ಷಣದಲ್ಲಿ ಮೂಕವಾಗಬಲ್ಲದು.

ಹೀಗಾದಾಗ ಅನುಸರಿಸಬೇಕಾದ ಕ್ರಮ ಸ್ಪಷ್ಟವಾಗಿದೆ. ಅಸಹಜವಾದ ಸದ್ದು ಕೇಳಿಬಂದರೆ ಯಂತ್ರವನ್ನು ಕೂಡಲೇ ನಿಲ್ಲಿಸಬೇಕು. ಮತ್ತೆ ಮತ್ತೆ ತಿರುಗಿಸಿದರೆ ಉಳಿದುದೂ ಹಾಳಾಗುತ್ತದೆ. ಆ ಗಳಿಗೆಯಿಂದ ಕಾಪಿಟ್ಟ ಪ್ರತಿಯೇ ಏಕೈಕ ಪ್ರತಿಯಾಗುವುದರಿಂದ, ಪುನಃಸ್ಥಾಪನೆಗೆ ತೊಡಗುವ ಮೊದಲು ಅದರ ಇನ್ನೊಂದು ಪ್ರತಿಯನ್ನು ಮಾಡಿಕೊಳ್ಳಬೇಕು. ಅನಂತರ ಅಷ್ಟೇ ಅಥವಾ ಹೆಚ್ಚಿನ ಧಾರಣಶಕ್ತಿಯುಳ್ಳ ಹೊಸ ಡಿಸ್ಕನ್ನು ಪರೀಕ್ಷಿಸಿ ಜೋಡಿಸಿ, ಕಡತಗಳನ್ನು ಅದಕ್ಕೆ ತುಂಬಬೇಕು. ಲಿಪಿಕಾರರು ಗ್ರಂಥಾಂತ್ಯದಲ್ಲಿ 32 ಅಕ್ಷರಗಳ ಗಣನೆಯಿಂದ ಗ್ರಂಥಸಂಖ್ಯೆಯನ್ನು ನಮೂದಿಸುತ್ತಿದ್ದಂತೆ, ಪ್ರತಿಯೊಂದು ಕಡತಕ್ಕೂ 'ಚೆಕ್‌ಸಮ್' ಎಂಬ ಸಂಖ್ಯೆಯನ್ನು ಮೊದಲೇ ಗುರುತಿಸಿಟ್ಟಿರಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ಆ ಸಂಖ್ಯೆ ಬದಲಾಗುತ್ತದೆ. ಈ ತಾಳೆ ಮುಗಿಯುವವರೆಗೆ ಕೆಟ್ಟ ಡಿಸ್ಕನ್ನು ಎಸೆಯಬಾರದು.

ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಒಂದೇ ಬರಹ ದಾಖಲಾಗುವ ವ್ಯವಸ್ಥೆಯೂ ಉಂಟು. ಒಂದು ಡಿಸ್ಕು ಕೆಟ್ಟರೆ ಅದರಿಂದ ಪ್ರಯೋಜನವಿದೆ. ಆದರೆ ತಪ್ಪಾಗಿ ಅಳಿಸಿದುದು ಎರಡರಲ್ಲಿಯೂ ಅಳಿಯುತ್ತದೆ. ಬೆಂಕಿ ಬಿದ್ದರೆ ಎರಡೂ ಸುಡುತ್ತವೆ. ಅದು ಒಂದೇ ಬಸದಿಯಲ್ಲಿದ್ದ ಹಲವು ತಾಡಪ್ರತಿಗಳಂತೆ. ಬೇರೆ ಊರಿನಲ್ಲಿರುವ ಪ್ರತಿಯೇ ನಿಜವಾದ ರಕ್ಷೆ.

ಧವಲೆಯ ಇತಿಹಾಸದಿಂದ ಎರಡು ಸಂಗತಿಗಳು ಸಿದ್ಧಿಸುತ್ತವೆ. ದೂರದಲ್ಲಿ ಪ್ರತಿಯಿಲ್ಲದ ಗ್ರಂಥ ಸುರಕ್ಷಿತವಲ್ಲ. ಮೂಲದೊಡನೆ ತಾಳೆ ನೋಡದ ಪ್ರತಿ ಪ್ರಮಾಣವಲ್ಲ. ಆದುದರಿಂದ ಡಿಸ್ಕಿನಲ್ಲಿ ಚಿತ್ರವಿದೆಯೆಂದು ಓಲೆಯನ್ನು ಉಪೇಕ್ಷಿಸುವುದೂ, ಓಲೆಯಿದೆಯೆಂದು ಪ್ರತಿಯನ್ನು ನಿರಾಕರಿಸುವುದೂ ಸಮಾನವಾದ ದೋಷಗಳು. ಷಟ್ಖಂಡಾಗಮ ಪೂರ್ಣಗೊಂಡುದರ ಸ್ಮರಣಾರ್ಥವಾಗಿ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸಿ, ಭಂಡಾರಗಳನ್ನು ತೆರೆದು, ಗ್ರಂಥಗಳ ಧೂಳು ತೆಗೆದು ಹೊಸ ವಸ್ತ್ರ ಸುತ್ತುವ ಸಂಪ್ರದಾಯವಿದೆ. ಅಂದೇ ಕಾಪಿಟ್ಟ ಡಿಸ್ಕುಗಳನ್ನೂ ಹೊರತೆಗೆದು, ಅವುಗಳಿಂದ ಕೆಲವು ಕಡತಗಳನ್ನಾದರೂ ಮರಳಿ ಪಡೆದು ಓದಿ ನೋಡುವುದು ಶ್ರುತಪೂಜೆಯ ಅಂಗವಾಗಬೇಕು. ತೆರೆದು ಓದಿ ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಲಾಗದು.