ಡಬ್ಬಿಯ ಅಂಚು: ಮೊಹರು ತಪ್ಪಿದ ಆಹಾರವನ್ನು ಹಿಂದಕ್ಕೆ ಪಡೆಯುವ ಪದ್ಧತಿಯ ಚರಿತ್ರೆ

ಆಹಾರ ಕೆಡದಂತೆ ಕಾಯುವ ಹೊಣೆ ಉಪ್ಪು, ಎಣ್ಣೆ, ಬಿಸಿಲು ಮತ್ತು ಹೊಗೆಗಳಿಂದ ಬಿಗಿಯಾಗಿ ಮುಚ್ಚಿದ ಪಾತ್ರೆಗೆ ಬಂದು ಸೇರಿದ್ದು 19ನೆಯ ಶತಮಾನದ ಆರಂಭದಲ್ಲಿ. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್, ಗಾಜಿನ ಬಾಟಲಿಗೆ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ತಿಂಗಳುಗಟ್ಟಲೆ ಕಾಪಾಡುವ ವಿಧಾನವನ್ನು 1810ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿ, ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಹೆಸರಿನಲ್ಲಿ ಪೇಟೆಂಟ್ ದಾಖಲಾಯಿತು. ಅದರ ಆಧಾರದ ಮೇಲೆ ಬ್ರಯನ್ ಡಾಂಕಿನ್ ಮತ್ತು ಅವನ ಪಾಲುದಾರರು 1813ರ ಹೊತ್ತಿಗೆ ಲಂಡನ್ನಿನ ಬರ್ಮಂಡ್ಸಿಯಲ್ಲಿ, ತವರ ಲೇಪಿಸಿದ ಕಬ್ಬಿಣದ ತಗಡಿನ ಡಬ್ಬಿಗಳಲ್ಲಿ ಮಾಂಸ ತುಂಬಿ ಬ್ರಿಟಿಷ್ ನೌಕಾಪಡೆಗೆ ಒದಗಿಸತೊಡಗಿದರು. ಆಹಾರವನ್ನು ಕೆಡಿಸುವುದು ಸೂಕ್ಷ್ಮಜೀವಿಗಳೆಂದು ಪಾಶ್ಚರ್ ತೋರಿಸಿಕೊಡಲು ಇನ್ನೂ ಅರ್ಧ ಶತಮಾನ ಬಾಕಿಯಿದ್ದ ಕಾಲವದು. ಗಾಳಿ ಒಳಹೋಗದಿದ್ದರೆ ಆಹಾರ ಕೆಡದು ಎಂಬ ಅರೆನಿಜದ ಮೇಲೆಯೇ ಇಡೀ ಉದ್ಯಮ ನಿಂತಿತ್ತು. ಆದುದರಿಂದ ಡಬ್ಬಿಯ ಬೆಸುಗೆಯೇ ಅದರ ಜೀವಾಳವಾಯಿತು.

ಆ ಬೆಸುಗೆ ಕೈಕೆಲಸವಾಗಿತ್ತು. ತಗಡಿನ ಕೆಲಸಗಾರನು ಒಂದೊಂದೇ ಡಬ್ಬಿಯ ಪಕ್ಕ, ತಳ ಮತ್ತು ಮುಚ್ಚಳಗಳನ್ನು ಸೀಸ ಬೆರೆಸಿದ ಲೋಹದಿಂದ ಬೆಸೆಯುತ್ತಿದ್ದನು. ಸೂಜಿಮೊನೆಯಷ್ಟು ರಂಧ್ರ ಉಳಿದರೂ ಡಬ್ಬಿ ಕೆಡುತ್ತಿತ್ತು. 1852ರ ಜನವರಿಯಲ್ಲಿ ಗಾಸ್‌ಪೋರ್ಟ್‌ನ ನೌಕಾಪಡೆಯ ಉಗ್ರಾಣದಲ್ಲಿ, ಸ್ಟೀಫನ್ ಗೋಲ್ಡ್ನರ್ ಎಂಬ ಗುತ್ತಿಗೆದಾರ ಪೂರೈಸಿದ್ದ ಮಾಂಸದ ಡಬ್ಬಿಗಳನ್ನು ಪರೀಕ್ಷಿಸಿದಾಗ ಬಹುಪಾಲು ಕೊಳೆತು ನಾರುತ್ತಿದ್ದವು. ದೊಡ್ಡ ಡಬ್ಬಿಗಳ ನಡುಭಾಗಕ್ಕೆ ಸಾಕಷ್ಟು ಶಾಖ ಮುಟ್ಟದಿದ್ದುದು ಇದಕ್ಕೆ ಕಾರಣವೆಂದು ಅನಂತರ ವಾದಿಸಲಾಯಿತು. ಕಾರಣವೇನೇ ಇರಲಿ, ಯಾವ ಡಬ್ಬಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತಿಳಿಯಲು ಅಧಿಕಾರಿಗಳಿಗೆ ಒಂದೊಂದನ್ನೂ ಒಡೆದು ನೋಡುವುದರ ಹೊರತು ಬೇರೆ ದಾರಿ ಇರಲಿಲ್ಲ.

20ನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದಲ್ಲಿ ಬೆಸುಗೆಯ ಬದಲಿಗೆ ಜೋಡಿ ಮಡಿಕೆಯ ಅಂಚು ಬಳಕೆಗೆ ಬಂದಿತು. ಮುಚ್ಚಳದ ಸುರುಳಿ ಅಂಚನ್ನು ಡಬ್ಬಿಯ ಬಾಯಂಚಿನೊಂದಿಗೆ ಸೇರಿಸಿ ಮಡಿಚಿ, ಯಂತ್ರದ ಉರುಳೆಗಳಿಂದ ಒತ್ತಿದಾಗ ಐದು ಪದರಗಳ ತಗಡು ಒಂದರೊಳಗೊಂದು ಕಚ್ಚಿಕೊಳ್ಳುತ್ತದೆ. ನಡುವೆ ಉಳಿಯುವ ಸಂದನ್ನು ರಬ್ಬರಿನಂಥ ಮೆತುವಸ್ತು ತುಂಬುತ್ತದೆ. ಇಂದಿಗೂ ಅಂಗಡಿಯ ತಗಡಿನ ಡಬ್ಬಿಯ ಮೇಲಂಚನ್ನು ಬೆರಳಿನಿಂದ ಸವರಿದರೆ ತಾಕುವ ಉಬ್ಬು ಇದೇ. ಇದರಿಂದ ಆಹಾರಕ್ಕೆ ಸೀಸ ತಾಗುವ ಭಯ ತಗ್ಗಿತು, ತಯಾರಿಕೆಯ ವೇಗ ಹಲವು ಪಟ್ಟು ಹೆಚ್ಚಿತು. ಆದರೆ ವೇಗ ಹೆಚ್ಚಿದಂತೆ ದೋಷದ ಹರವೂ ಹೆಚ್ಚಿತು: ಕೈಬೆಸುಗೆಯವನ ಕೈ ತಪ್ಪಿದರೆ ಒಂದು ಡಬ್ಬಿ ಕೆಡುತ್ತಿತ್ತು, ಮಡಿಕೆ ಯಂತ್ರದ ಉರುಳೆ ಕೂದಲೆಳೆಯಷ್ಟು ಸರಿದರೆ ಆ ಸರದಿಯ ಸಾವಿರಾರು ಡಬ್ಬಿಗಳು ಒಂದೇ ಬಗೆಯ ದೋಷವನ್ನು ಹೊತ್ತು ದೇಶಾಂತರಗಳಿಗೆ ಹೋಗತೊಡಗಿದವು. ಮಾರಾಟವಾದ ಆಹಾರವನ್ನು ಗುರುತು ಹಿಡಿದು ಹಿಂದಕ್ಕೆ ತರಿಸುವ ಪದ್ಧತಿ ಅನಿವಾರ್ಯವಾದದ್ದು ಈ ಕಾರಣದಿಂದಲೇ.

ಮಡಿಕೆಯ ದೋಷ ಎಷ್ಟು ದೂರ ಮುಟ್ಟಬಲ್ಲದು ಎಂಬುದಕ್ಕೆ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ 1964ರ ವಿಷಮಶೀತ ಜ್ವರದ, ಅಂದರೆ ಟೈಫಾಯ್ಡಿನ, ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಆ ವರ್ಷದ ಮೇ ತಿಂಗಳಿನಿಂದ ನಗರದಲ್ಲಿ 400ಕ್ಕೂ ಹೆಚ್ಚು ಮಂದಿ ಜ್ವರಪೀಡಿತರಾಗಿ ಆಸ್ಪತ್ರೆ ಸೇರಿದರು. ನಗರದ ಆರೋಗ್ಯಾಧಿಕಾರಿ ಇಯಾನ್ ಮೆಕ್ವೀನ್ ಅವರ ತನಿಖೆ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಹೋಳು ಮಾಡಿ ಮಾರಿದ, ಅರ್ಜೆಂಟೀನಾದಿಂದ ಬಂದ ಉಪ್ಪುಹಾಕಿದ ದನದ ಮಾಂಸದ ದೊಡ್ಡ ಡಬ್ಬಿಯೊಂದರತ್ತ ಬೊಟ್ಟುಮಾಡಿತು. ಮಾಂಸವೇನೋ ಡಬ್ಬಿಯೊಳಗೇ ಚೆನ್ನಾಗಿ ಬೆಂದಿತ್ತು. ಅದು ಕೆಟ್ಟದ್ದು ಬೆಂದ ಮೇಲೆ. ಹಬೆಯ ಒತ್ತಡದ ಪಾತ್ರೆಯಿಂದ ಹೊರಬಂದ ಕಾದ ಡಬ್ಬಿಗಳನ್ನು ನೀರಿನಲ್ಲಿ ತಣಿಸುವಾಗ ಒಳಗಿನ ಆವಿ ಸಾಂದ್ರಗೊಂಡು ನಿರ್ವಾತ ಉಂಟಾಗುತ್ತದೆ. ಆ ಗಳಿಗೆಯಲ್ಲಿ ಅಂಚಿನ ಮೆತುವಸ್ತು ಇನ್ನೂ ಬಿಸಿಯಾಗಿ ಮೃದುವಾಗಿರುವುದರಿಂದ, ಮಡಿಕೆಯಲ್ಲಿ ಎಳೆಯಷ್ಟು ಬಿರುಕಿದ್ದರೂ ಹೊರಗಿನ ನೀರಿನ ಹನಿಯೊಂದು ಒಳಕ್ಕೆ ಸೆಳೆಯಲ್ಪಡುತ್ತದೆ. ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ಡಬ್ಬಿಗಳನ್ನು ತಣಿಸಲು ಬಳಸಿದ್ದು, ಊರಿನ ಕೊಳಚೆ ಸೇರುವ ಪರಾನಾ ನದಿಯ ಕ್ಲೋರಿನ್ ಹಾಕದ ನೀರು. ಅಬರ್ಡೀನ್‌ನ ಅಂಗಡಿಯಲ್ಲಿ ಹೋಳು ಮಾಡುವ ಯಂತ್ರದ ಅಲಗಿನಿಂದ ಬೇರೆ ಮಾಂಸಗಳಿಗೂ ರೋಗಾಣು ಹರಡಿತು. ಹಿಂದಿನ ವರ್ಷವೇ ಇಂಗ್ಲೆಂಡಿನ ಹಾರ್ಲೋ, ಸೌತ್ ಶೀಲ್ಡ್ಸ್ ಮತ್ತು ಬೆಡ್‌ಫರ್ಡ್‌ಗಳಲ್ಲಿ ಇಂಥದೇ ಡಬ್ಬಿಮಾಂಸದ ಜಾಡು ಹಿಡಿದ ಟೈಫಾಯ್ಡ್ ಪ್ರಕರಣಗಳು ನಡೆದಿದ್ದವು ಎಂಬುದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ; ಎಚ್ಚರಿಕೆ ಸಿಕ್ಕಿತ್ತು, ಆದರೆ ಸಂಶಯಕ್ಕೆ ಗುರಿಯಾಗಬೇಕಿದ್ದ ಸರಕೆಲ್ಲವೂ ಮಾರುಕಟ್ಟೆಯಿಂದ ಮರಳಿರಲಿಲ್ಲ.

ಟೈಫಾಯ್ಡ್ ರೋಗಾಣು ಅನಿಲವನ್ನು ಉತ್ಪಾದಿಸುವುದಿಲ್ಲವಾದ್ದರಿಂದ ಆ ಡಬ್ಬಿ ಉಬ್ಬಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಉಬ್ಬಿದ ಡಬ್ಬಿಯನ್ನು ಎಸೆಯಬೇಕೆಂಬುದು ಎಲ್ಲರೂ ಬಲ್ಲ ಎಚ್ಚರ, ಅದು ಸರಿಯೂ ಹೌದು. ಉಬ್ಬದ ಡಬ್ಬಿ ಸುರಕ್ಷಿತವೆಂಬ ತೀರ್ಮಾನ ಮಾತ್ರ ಅದರಿಂದ ಹೊರಡುವುದಿಲ್ಲ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್ಹ್ಯಾಮ್‌ನಲ್ಲಿ ಅಲಾಸ್ಕಾದ ಸಾಲ್ಮನ್ ಮೀನಿನ ಒಂದೇ ಡಬ್ಬಿಯಿಂದ ತಿಂದ ನಾಲ್ವರು ವೃದ್ಧರು ಬೊಟುಲಿಸಂಗೆ ತುತ್ತಾಗಿ, ಇಬ್ಬರು ತೀರಿಕೊಂಡರು. ಗಾಳಿಯಿಲ್ಲದೆಡೆ ಬೆಳೆಯುವ ಒಂದು ಬ್ಯಾಕ್ಟೀರಿಯಾ ಸ್ರವಿಸುವ ನಂಜಿನಿಂದ ನರಗಳು ಸ್ತಬ್ಧವಾಗಿ, ಉಸಿರಾಟದ ಸ್ನಾಯುಗಳೂ ನಿಲ್ಲಬಹುದಾದ ರೋಗವಿದು. ಆ ಡಬ್ಬಿಯಲ್ಲಿ ಸಣ್ಣದೊಂದು ಜಖಂ ಪತ್ತೆಯಾಯಿತು. 1982ರಲ್ಲಿ ಬೆಲ್ಜಿಯಂನಲ್ಲಿ ಮತ್ತೊಂದು ಸಾಲ್ಮನ್ ಡಬ್ಬಿಯಿಂದ ಒಂದು ಸಾವು ಸಂಭವಿಸಿದಾಗ ಕಾರಣದ ಎಳೆ ಇನ್ನೂ ಸ್ಪಷ್ಟವಾಯಿತು. ಸಾಗಣೆಯಲ್ಲಿ ಜಾಗ ಉಳಿಸಲು ಖಾಲಿ ಡಬ್ಬಿಗಳ ಮೈಯನ್ನು ಚಪ್ಪಟೆಯಾಗಿ ಅಲಾಸ್ಕಾಕ್ಕೆ ಕಳಿಸಿ, ಅಲ್ಲಿ ಯಂತ್ರದಿಂದ ಮತ್ತೆ ದುಂಡಗೆ ಮಾಡುತ್ತಿದ್ದರು. ಆ ಯಂತ್ರವೇ ತಗಡಿನಲ್ಲಿ ಕಣ್ಣಿಗೆ ಬೀಳದ ತೂತು ಕೊರೆದಿತ್ತು. ಆಗ ಕೋಟಿಗಟ್ಟಲೆ ಡಬ್ಬಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು.

ಇಷ್ಟು ದೊಡ್ಡ ಪ್ರಮಾಣದಲ್ಲಿ ಹಿಂದಕ್ಕೆ ಪಡೆಯಲು ಸಾಧ್ಯವಾದದ್ದು ಮುಚ್ಚಳದ ಮೇಲೆ ಒತ್ತಿದ ಕೆಲವು ಅಕ್ಷರ ಮತ್ತು ಅಂಕಿಗಳಿಂದ. ಯಾವ ಕಾರ್ಖಾನೆ, ಯಾವ ದಿನ, ಯಾವ ಸರದಿ ಎಂಬುದನ್ನು ಸೂಚಿಸುವ ಈ ಗುರುತಿಗೆ ಬ್ಯಾಚ್ ಸಂಖ್ಯೆ ಎನ್ನುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1973ರಲ್ಲಿ ಹುಳಿಯಂಶ ಕಡಿಮೆಯಿರುವ ಡಬ್ಬಿ ಆಹಾರಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ತಂದಿತು. 1978ರಲ್ಲಿ ಹಿಂಪಡೆಯುವಿಕೆಯನ್ನು ಅಪಾಯದ ತೀವ್ರತೆಗೆ ತಕ್ಕಂತೆ ಮೂರು ದರ್ಜೆಗಳಾಗಿ ವಿಂಗಡಿಸಿತು. ಆದರೂ ಒಪ್ಪದ ಕಂಪನಿಗೆ ಆಹಾರ ಹಿಂಪಡೆಯುವಂತೆ ಆಜ್ಞಾಪಿಸುವ ಸಾಮಾನ್ಯ ಅಧಿಕಾರ ಆ ಸಂಸ್ಥೆಗೆ ದೊರೆತದ್ದು 2011ರ ಕಾನೂನಿನಿಂದ. ಅಷ್ಟು ತಡವಾಗಿದ್ದಕ್ಕೆ ಯಾವ ಸಮರ್ಥನೆಯೂ ಸಾಲದು. ಭಾರತದಲ್ಲಿ 1954ರ ಕಲಬೆರಕೆ ತಡೆ ಕಾಯಿದೆಯ ಗಮನ ಹೆಚ್ಚಾಗಿ ತಪ್ಪಿತಸ್ಥರನ್ನು ಶಿಕ್ಷಿಸುವುದರತ್ತ ಇತ್ತು. ಅಸುರಕ್ಷಿತ ಆಹಾರವನ್ನು ತಯಾರಕನೇ ಕೂಡಲೇ ಹಿಂದಕ್ಕೆ ಪಡೆಯಬೇಕೆಂಬ ಹೊಣೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 28ನೆಯ ಕಲಮಿನಲ್ಲಿ ಬಂದಿತು. ಅದರ ವಿಧಾನವನ್ನು ವಿವರಿಸುವ ನಿಯಮಗಳು 2017ರಲ್ಲಿ ಹೊರಬಿದ್ದವು.

ಈ ಚರಿತ್ರೆಯಲ್ಲಿ ಮೈಸೂರಿಗೂ ಒಂದು ಸ್ಥಾನವಿದೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಮತ್ತು 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯಗಳು ಡಬ್ಬಿ ಮತ್ತು ಪೊಟ್ಟಣದ ಆಹಾರಗಳ ಮೇಲೆ ದಶಕಗಳಿಂದ ಕೆಲಸ ಮಾಡಿವೆ. ಸೈನಿಕರಿಗೆಂದು ಎರಡನೆಯ ಸಂಸ್ಥೆ ಬೆಳೆಸಿದ, ಒತ್ತಡದ ಹಬೆಯಲ್ಲಿ ಬೇಯಿಸಬಹುದಾದ ಪದರಹಾಳೆಯ ಪೊಟ್ಟಣದ ತಂತ್ರ ಇಂದು ಅಂಗಡಿಗಳ ಸಿದ್ಧ ಅಡುಗೆಗಳಲ್ಲಿ ಕಾಣುತ್ತದೆ. ಪೊಟ್ಟಣದಲ್ಲಿ ಲೋಹದ ಮಡಿಕೆಯಿಲ್ಲ. ಶಾಖದಿಂದ ಒತ್ತಿ ಅಂಟಿಸಿದ ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯೇ ಅದರ ಮೊಹರು. ತುಂಬುವಾಗ ಆ ಪಟ್ಟಿಯ ಮೇಲೆ ಎಣ್ಣೆಯ ಹನಿಯೋ ಅನ್ನದ ಅಗುಳೋ ಸಿಕ್ಕಿಕೊಂಡರೆ ಅಲ್ಲಿ ಅಂಟು ಹಿಡಿಯುವುದಿಲ್ಲ.

ಇಂಥ ದೋಷದ ಪ್ರಕಟಣೆ ಹೊರಬಿದ್ದಾಗ ಗ್ರಾಹಕನು ನೋಡಬೇಕಾದದ್ದು ಹೆಸರನ್ನಲ್ಲ, ಬ್ಯಾಚ್ ಸಂಖ್ಯೆಯನ್ನು. ಸಂಖ್ಯೆ ಹೊಂದಿದರೆ ರುಚಿ ನೋಡಿ ಪರೀಕ್ಷಿಸಬಾರದು; ಬೊಟುಲಿಸಂನ ನಂಜು ಬೆರಳ ತುದಿಯಷ್ಟು ಆಹಾರದಲ್ಲಿದ್ದರೂ ಕಾಯಿಲೆ ಬೀಳಲು ಸಾಕು. ಡಬ್ಬಿಯನ್ನು ತೆರೆಯದೆ ಮತ್ತೊಂದು ಚೀಲದಲ್ಲಿ ಕಟ್ಟಿ, ಮಕ್ಕಳಿಗೂ ದನಕರುಗಳಿಗೂ ನಿಲುಕದಂತೆ ಇರಿಸಿ, ಅಂಗಡಿಗೆ ಮರಳಿಸಬೇಕು. ಅಂಗಡಿಯವನು ಒಪ್ಪದಿದ್ದರೆ ಸ್ಥಳೀಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು, ಇಲ್ಲವೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ತಿಂದಾಗಿದ್ದು, ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ನುಂಗಲು ತೊಡಕಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ತಿಂದ ಆಹಾರದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ನಮ್ಮ ಅಡುಗೆಮನೆಗಳಲ್ಲಿ ಇದಕ್ಕೊಂದು ದೊಡ್ಡ ತೊಡಕಿದೆ: ಹಿಟ್ಟು, ಹಾಲಿನ ಪುಡಿ, ಮಸಾಲೆಗಳನ್ನು ತಂದ ದಿನವೇ ಸ್ಟೀಲ್ ಡಬ್ಬಕ್ಕೆ ಸುರಿದು ಪೊಟ್ಟಣವನ್ನು ಎಸೆಯುವುದು ರೂಢಿ, ಬ್ಯಾಚ್ ಸಂಖ್ಯೆ ಹಲವು ಬಾರಿ ಅಚ್ಚಾಗಿರುವುದು ಕತ್ತರಿಸಿ ಬಿಸಾಡುವ ಮೊಹರಿನ ಅಂಚಿನಲ್ಲೇ. ಆ ತುಂಡನ್ನು ಕತ್ತರಿಸಿ, ಆಹಾರ ಮುಗಿಯುವವರೆಗೆ ಡಬ್ಬದ ಹೊರಮೈಗೆ ಅಂಟಿಸಿಟ್ಟರೆ ಸಾಕು.